ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೇ ಏಕೆ ಹೋಗುತ್ತದೆ?

ಎಪ್ಪತ್ತು ದಾಟಿದ ರೈತರಿಗೆ ಸೊಂಟನೋವು ಶುರುವಾಗುತ್ತದೆ. ಜೋಳದ ರಾಶಿಯಲ್ಲಿ ಚೀಲ ಎತ್ತಿದ್ದಕ್ಕೆ ಇರಬೇಕು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಊರ ಡಾಕ್ಟರ ಹತ್ತಿರ ನೋವಿನ ಸೂಜಿ ಮಾಡಿಸಿಕೊಳ್ಳುತ್ತಾರೆ. ಹೀಗೇ ಮೂರ್ನಾಲ್ಕು ತಿಂಗಳು ಹೋಗುತ್ತವೆ. ಕೊನೆಗೆ ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಎಕ್ಸ್‌ರೇ ತೆಗೆದಾಗ ಬೆನ್ನುಮೂಳೆಯ ಒಂದೆರಡು ಮಣಿಗಳು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತವೆ. ರಕ್ತ ಪರೀಕ್ಷೆಯಲ್ಲಿ, ಪ್ರಾಸ್ಟೇಟ್ ಕೋಶಗಳು ತಯಾರಿಸುವ ಪಿಎಸ್‌ಎ ಎಂಬ ಪ್ರೋಟೀನು ನೂರರ ಮೇಲಿರುತ್ತದೆ. ರೋಗ ಹುಟ್ಟಿದ್ದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಅಕ್ರೋಟ್ ಗಾತ್ರದ ಪ್ರಾಸ್ಟೇಟ್ ಗ್ರಂಥಿಯಲ್ಲಿ. ನೋವು ಕಾಣಿಸಿದ್ದು ಮಾತ್ರ ಬೆನ್ನಿನಲ್ಲಿ.

ಇದರಲ್ಲಿ ಎರಡು ಒಗಟುಗಳಿವೆ. ಈ ರೋಗ ಮೂಳೆಯನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ? ಮೂಳೆ ಸೇರಿದ ಬಹಳಷ್ಟು ಕ್ಯಾನ್ಸರ್‌ಗಳು ಅದನ್ನು ತಿಂದು ತೂತು ಮಾಡುತ್ತವೆ, ಎಕ್ಸ್‌ರೇಯಲ್ಲಿ ಕಪ್ಪು ಕಲೆ ಬೀಳುತ್ತದೆ. ಇದು ಮಾತ್ರ ಮೂಳೆಯ ಮೇಲೆ ಮೂಳೆ ಕಟ್ಟುವುದೇಕೆ? ಎರಡಕ್ಕೂ ಉತ್ತರ ಜೀವಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶಗಳಲ್ಲಿದೆ. ಡಾಕ್ಟರು ಚೀಟಿಯಲ್ಲಿ ಬರೆಯುವ ಗುಳಿಗೆ, ಸೂಜಿಗಳಲ್ಲಿ ಹೆಚ್ಚಿನವು ಯಾವುದೋ ಒಂದು ಸಂದೇಶವನ್ನು ತಡೆಯಲಿಕ್ಕೇ ಇರುವಂಥವು. ಯಾವುದು ಯಾವ ಸಂದೇಶಕ್ಕೆ ಎಂದು ತಿಳಿದರೆ ಔಷಧಿ ತಪ್ಪಿಸಿದಾಗ ಏನಾಗುತ್ತದೆ ಎಂಬುದೂ ತಿಳಿಯುತ್ತದೆ.

ಬೆರಳು, ಸ್ಟಾರ್ಟರ್, ಮೋಟರ್

ಹೊಲದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಹಸಿರು ಗುಂಡಿ ಒತ್ತುವ ಬೆರಳು, ಸ್ಟಾರ್ಟರ್ ಡಬ್ಬಿ, ಅಲ್ಲಿಂದ ಹೊರಟ ವೈರು, ಬಾವಿಯಲ್ಲಿನ ಮೋಟರ್. ಜೀವಕೋಶದ ಸಂದೇಶ ವ್ಯವಸ್ಥೆಯೂ ಹೀಗೆಯೇ. ಹೊರಗಿನಿಂದ ಬರುವ ಹಾರ್ಮೋನು ಬೆರಳಿನಂತೆ. ಅದನ್ನು ಹಿಡಿಯುವ ರಿಸೆಪ್ಟರ್ ಎಂಬ ಪ್ರೋಟೀನು ಸ್ಟಾರ್ಟರಿನಂತೆ. ಕೊನೆಗೆ ಓಡುವ ಮೋಟರ್ ಎಂದರೆ ಕೋಶಕೇಂದ್ರದಲ್ಲಿರುವ ಜೀನ್‌ಗಳು.

ಪ್ರಾಸ್ಟೇಟ್‌ನ ಬೆರಳು ಟೆಸ್ಟೋಸ್ಟೆರಾನ್. ಮಿದುಳಿನ ಹೈಪೋಥಲಾಮಸ್ ಜಿಎನ್‌ಆರ್‌ಎಚ್ ಎಂಬ ಸಂದೇಶ ಕಳಿಸುತ್ತದೆ, ಅದನ್ನು ಕೇಳಿ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಬಿಡುತ್ತದೆ, ಎಲ್‌ಎಚ್ ಬಂದ ಮೇಲೆ ವೃಷಣಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ದೇಹದ ಟೆಸ್ಟೋಸ್ಟೆರಾನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಯದು. ಉಳಿದದ್ದಕ್ಕೆ ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ಮೂಲ. ಈ ಸಣ್ಣ ಪಾಲನ್ನು ಮರೆಯಬೇಡಿ, ಮುಂದೆ ಇದೇ ದೊಡ್ಡ ತೊಂದರೆಯಾಗುತ್ತದೆ.

ಪ್ರಾಸ್ಟೇಟ್‌ನೊಳಗೆ ಹೋದ ಟೆಸ್ಟೋಸ್ಟೆರಾನ್ ಅನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿಯಾಗಿ ಬದಲಿಸುತ್ತದೆ. ರಿಸೆಪ್ಟರ್ ಅನ್ನು ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಇಂಥ ಗಂಡು ಹಾರ್ಮೋನುಗಳಿಗೆ ಆಂಡ್ರೋಜನ್ ಎಂದು ಹೆಸರು. ಅವನ್ನು ಹಿಡಿಯುವ ಆಂಡ್ರೋಜನ್ ರಿಸೆಪ್ಟರ್ ಕೋಶದ ಒಳಗೇ ಬೇರೆ ಪ್ರೋಟೀನುಗಳ ಜತೆ ಕಟ್ಟಿಹಾಕಿಕೊಂಡು ಬಿದ್ದಿರುತ್ತದೆ. ಹಾರ್ಮೋನು ಬಂದು ಕೂತೊಡನೆ ಆ ಕಟ್ಟು ಬಿಚ್ಚುತ್ತದೆ. ರಿಸೆಪ್ಟರ್ ಕೋಶಕೇಂದ್ರಕ್ಕೆ ಹೋಗಿ, ಎರಡೆರಡು ಜೋಡಿಯಾಗಿ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಬೆಳವಣಿಗೆಯ ಜೀನ್‌ಗಳ ಜತೆ ಪಿಎಸ್‌ಎ ತಯಾರಿಸುವ ಜೀನ್ ಕೂಡ ಆಗಲೇ ಚಾಲೂ ಆಗುತ್ತದೆ.

ಹಾಗಾಗಿ ಪಿಎಸ್‌ಎ ಎಷ್ಟಿದೆ ಎಂಬುದು ಆ ಮೋಟರ್ ಎಷ್ಟು ಓಡುತ್ತಿದೆ ಎಂಬುದರ ಮೀಟರ್. ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಾದರೂ ಅದು ಏರುತ್ತದೆ. ಅದಕ್ಕೇ ಸೋಂಕು ವಾಸಿಯಾಗಿ ಆರೆಂಟು ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನಮ್ಮ ಕಡೆ ಹೆಚ್ಚು ನಡೆಯುವ ತಪ್ಪು ಇನ್ನೊಂದಿದೆ. ಮೂತ್ರ ಸಲೀಸಾಗಲಿ ಎಂದು ಬಹಳ ಹಿರಿಯರು ಡ್ಯುಟಾಸ್ಟೆರೈಡ್ ಬೆರೆತ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಾರೆ. ಡಿಎಚ್‌ಟಿ ತಯಾರಿಸುವ ಕಿಣ್ವವನ್ನು ಅದು ತಡೆಯುವುದರಿಂದ ಆರರಿಂದ ಹನ್ನೆರಡು ತಿಂಗಳಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ. ರಿಪೋರ್ಟಿನಲ್ಲಿ 3.5 ಎಂದಿದ್ದರೆ 7 ಎಂದು ಓದಬೇಕು. ಲ್ಯಾಬಿನವರಿಗೆ ಆ ಗುಳಿಗೆಯ ಸುದ್ದಿ ಗೊತ್ತಿರುವುದಿಲ್ಲ, "4ರ ಒಳಗಿದೆ, ನಾರ್ಮಲ್" ಎಂದು ಬರೆದುಬಿಡುತ್ತಾರೆ.

ಬೆರಳನ್ನೇ ತೆಗೆದರೆ ಮೋಟರ್ ನಿಲ್ಲುತ್ತದೆ ಎಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು. ವೃಷಣಗಳನ್ನು ತೆಗೆದ ರೋಗಿಗಳ ಮೂಳೆನೋವು ಇಳಿಯಿತು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಎಂಟು ದಶಕ ಕಳೆದರೂ ಚಿಕಿತ್ಸೆಯ ತಳಪಾಯ ಅದೇ.

ವೈರು ಅದಲು ಬದಲಾದಾಗ

ಮನುಷ್ಯನ 21ನೇ ವರ್ಣತಂತುವಿನ ಮೇಲೆ ಸುಮಾರು 30 ಲಕ್ಷ ಡಿಎನ್‌ಎ ಅಕ್ಷರಗಳ ಅಂತರದಲ್ಲಿ ಎರಡು ಜೀನ್‌ಗಳಿವೆ. ಟಿಎಂಪಿಆರ್‌ಎಸ್‌ಎಸ್2 ಎಂಬುದು ಆಂಡ್ರೋಜನ್ ಹೇಳಿದಾಗ ಓಡುವ ಜೀನ್. ಇಆರ್‌ಜಿ ಎಂಬುದು ರಕ್ತಕೋಶ, ರಕ್ತನಾಳಗಳಲ್ಲಿ ಕೆಲಸ ಮಾಡುವಂಥದ್ದು, ಪ್ರಾಸ್ಟೇಟ್‌ನಲ್ಲಿ ಮಲಗಿರಬೇಕು. ಎರಡೂ ತುಂಡಾಗಿ ಒಂದಕ್ಕೊಂದು ಅಂಟಿಕೊಂಡರೆ ನಮ್ಮ ಸ್ಟಾರ್ಟರಿನ ವೈರು ಪಕ್ಕದ ಹೊಲದವರ ಮೋಟರಿಗೆ ಸೇರಿದಂತಾಗುತ್ತದೆ. ಟೆಸ್ಟೋಸ್ಟೆರಾನ್ ಬಂದಾಗಲೆಲ್ಲ ಇಆರ್‌ಜಿ ಓಡತೊಡಗುತ್ತದೆ. ಕೋಶ ಅಂಟು ಬಿಡಿಸಿಕೊಂಡು ನುಸುಳುವ ಗುಣ ಕಲಿಯುವುದರಲ್ಲಿ ಅದರ ಪಾಲು ದೊಡ್ಡದು. ಈ ಬೆಸುಗೆಯನ್ನು 2005ರಲ್ಲಿ ಗುರುತಿಸಿದರು. ಪಾಶ್ಚಾತ್ಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದು ಸಿಗುತ್ತದೆ, ಏಷ್ಯಾದವರಲ್ಲಿ ಕಡಿಮೆ.

ಇದರ ಜತೆಗೆ ಕೆಂಪು ಗುಂಡಿಯೂ ಕೆಡುತ್ತದೆ. ಬೆಳವಣಿಗೆಗೆ ಪಿಐ3ಕೆ–ಎಕೆಟಿ ಎಂಬ ಬೇರೆಯದೇ ಲೈನ್ ಇದೆ. ಕೋಶದ ಪೊರೆಯ ಮೇಲಿನ ಒಂದು ಕೊಬ್ಬಿಗೆ ಫಾಸ್ಫೇಟ್ ಅಂಟಿದಾಗ ಆ ಲೈನ್ ಚಾಲೂ ಆಗುತ್ತದೆ, ಪಿಟೆನ್ ಎಂಬ ಪ್ರೋಟೀನು ಆ ಫಾಸ್ಫೇಟ್ ಕಿತ್ತು ಬಂದ್ ಮಾಡುತ್ತದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಪಿಟೆನ್ ಕಳೆದುಹೋಗಿರುವುದು ಬಹಳ ಸಾಮಾನ್ಯ. ಇನ್ನೊಂದು ಕುತಂತ್ರವೂ ಇಲ್ಲಿದೆ. ಆಂಡ್ರೋಜನ್ ಲೈನ್ ಮತ್ತು ಈ ಲೈನ್ ಒಂದನ್ನೊಂದು ಹತ್ತಿಕ್ಕಿಕೊಂಡಿರುತ್ತವೆ. ಒಂದನ್ನು ಔಷಧಿಯಿಂದ ಮುಚ್ಚಿದರೆ ಇನ್ನೊಂದರ ಹರಿವು ಹೆಚ್ಚುತ್ತದೆ. ಕಾಲುವೆಯ ಒಂದು ಕವಲು ಕಟ್ಟಿದರೆ ನೀರೆಲ್ಲ ಮತ್ತೊಂದಕ್ಕೆ ನುಗ್ಗುವ ಹಾಗೆ. ಒಂದೇ ಔಷಧಿಗೆ ಈ ರೋಗ ಪೂರ್ತಿ ಬಗ್ಗದಿರಲು ಇದೊಂದು ಕಾರಣ.

ಮನೆ ಬಿಡುವುದು

ಗ್ರಂಥಿಯ ಒಳಮೈ ಕೋಶಗಳು ಇ-ಕ್ಯಾಡ್‌ಹೆರಿನ್ ಎಂಬ ಅಂಟಿನಿಂದ ಇಟ್ಟಿಗೆಯಂತೆ ಒತ್ತೊತ್ತಾಗಿ ನಿಂತಿರುತ್ತವೆ. ಸುತ್ತಲಿನ ಅಂಗಾಂಶದಿಂದ ಟಿಜಿಎಫ್-ಬೀಟಾ ಎಂಬ ಸಂದೇಶ ಜೋರಾದಾಗ ಕೋಶದೊಳಗೆ ಸ್ನೇಲ್, ಟ್ವಿಸ್ಟ್ ಎಂಬ ಜೀನ್ ನಿಯಂತ್ರಕಗಳು ಎದ್ದು ಆ ಅಂಟಿನ ತಯಾರಿಕೆ ನಿಲ್ಲಿಸುತ್ತವೆ. ಇಟ್ಟಿಗೆಯಂತಿದ್ದ ಕೋಶ ಉದ್ದವಾಗಿ, ತೆವಳುವಂತಾಗುತ್ತದೆ. ದಾರಿಯಲ್ಲಿನ ಜಾಳಿಗೆಯನ್ನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತ ನರಗಳ ಪಕ್ಕದಲ್ಲಿ, ವೀರ್ಯಕೋಶದ ಕಡೆಗೆ, ರಕ್ತನಾಳ, ದುಗ್ಧರಸನಾಳಗಳೊಳಗೆ ನುಗ್ಗುತ್ತದೆ. ಮೊದಲಿಗೆ ಇದೇ ಟಿಜಿಎಫ್-ಬೀಟಾ ಕೋಶದ ಬೆಳವಣಿಗೆಗೆ ಕಡಿವಾಣವಾಗಿತ್ತು ಎಂಬುದು ವಿಪರ್ಯಾಸ. ಕಡಿವಾಣದ ಭಾಗ ಕಿತ್ತುಹೋಗಿ ಓಡಿಸುವ ಭಾಗ ಮಾತ್ರ ಉಳಿದಿರುತ್ತದೆ.

ರಕ್ತ ಸೇರಿದ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಬದುಕುಳಿದವು ಎಲ್ಲಿ ನಿಲ್ಲುತ್ತವೆ ಎಂಬುದೇ ಮುಖ್ಯ.

ಎರೆ ಹೊಲ ಹುಡುಕಿದ ಬೀಜ

ವಿಜಯಪುರದ ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮೇಲೆ ಮಳೆ ಬೀಳದಿದ್ದರೂ ನೆಲದ ಹಸಿಯಲ್ಲೇ ತೆನೆ ಕಟ್ಟುತ್ತದೆ. ಅದೇ ಬೀಜ ಮಸಾರಿಯಲ್ಲಿ ಬಾಡುತ್ತದೆ. ಕ್ಯಾನ್ಸರ್ ಕೋಶಕ್ಕೂ ಹೀಗೆ ಒಪ್ಪುವ ಮಣ್ಣು ಬೇಕು ಎಂದು 1889ರಲ್ಲೇ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್ ನೋಡಿ ಬರೆದಿದ್ದರು. 1940ರಲ್ಲಿ ಬ್ಯಾಟ್ಸನ್ ಎಂಬ ಅಂಗರಚನಾಶಾಸ್ತ್ರಜ್ಞ ಇನ್ನೊಂದು ವಿಷಯ ತೋರಿಸಿದರು. ಕಿಬ್ಬೊಟ್ಟೆಯ ತಳದಿಂದ ಬೆನ್ನುಮೂಳೆಗೆ ಹೋಗುವ ರಕ್ತನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಭಾರ ಎತ್ತಿದಾಗ ರಕ್ತ ಹಿಂದಕ್ಕೆ ಹರಿದು ಬೆನ್ನಿನ ಮಣಿಗಳ ಕಡೆ ಹೋಗಬಲ್ಲದು. ದಾರಿಯೂ ಇದೆ, ಮಣ್ಣೂ ಇದೆ. ಎರಡರಲ್ಲಿ ಮಣ್ಣಿನದೇ ಹೆಚ್ಚು ತೂಕ ಎಂಬುದಕ್ಕೆ ಈಗ ಸಾಕಷ್ಟು ಆಧಾರವಿದೆ.

ಅಸ್ಥಿಮಜ್ಜೆಯಲ್ಲಿ ರಕ್ತದ ಮೂಲಕೋಶಗಳು ವಾಸವಾಗಿರುತ್ತವೆ. ಅವನ್ನು ಅಲ್ಲೇ ಹಿಡಿದಿಡಲು ಮಜ್ಜೆಯ ಕೋಶಗಳೂ ಮೂಳೆ ಕಟ್ಟುವ ಕೋಶಗಳೂ ಸಿಎಕ್ಸ್‌ಸಿಎಲ್12 ಎಂಬ ಸಂದೇಶ ಬಿಡುತ್ತವೆ. ಅದನ್ನು ಹಿಡಿಯುವುದು ಸಿಎಕ್ಸ್‌ಸಿಆರ್4 ರಿಸೆಪ್ಟರ್. ಪ್ರಾಸ್ಟೇಟ್ ಕ್ಯಾನ್ಸರ್ ಕೋಶ ಇದೇ ರಿಸೆಪ್ಟರ್ ಅನ್ನು ತನ್ನ ಮೈಮೇಲೆ ಹಚ್ಚಿಕೊಂಡು ಬಂದು ಮೂಲಕೋಶಗಳ ಗೂಡಿನಲ್ಲೇ ಜಾಗ ಹಿಡಿಯುತ್ತದೆ. ಅಲ್ಲಿ ಕೆಲವು ವರ್ಷ ಸದ್ದಿಲ್ಲದೆ ಮಲಗಿರಲೂಬಹುದು. ಆಪರೇಷನ್ ಮಾಡಿ ಗ್ರಂಥಿ ತೆಗೆದು ಹತ್ತು ವರ್ಷದ ಮೇಲೆ ಪಿಎಸ್‌ಎ ಮತ್ತೆ ಏರುವುದಕ್ಕೆ ಇಂಥ ಮಲಗಿದ ಕೋಶಗಳೇ ಬಹುಮಟ್ಟಿಗೆ ಕಾರಣ. ಗ್ರಂಥಿ ಪೂರ್ತಿ ತೆಗೆದವರಲ್ಲಿ ಆರು ವಾರದೊಳಗೆ ಪಿಎಸ್‌ಎ 0.1ಕ್ಕಿಂತ ಕೆಳಗಿಳಿಯಬೇಕು. ಆಮೇಲೆ ಅದು ನಿಧಾನವಾಗಿ ಏರತೊಡಗಿದರೆ "0.4 ತಾನೇ, ಬಿಡಿ" ಎನ್ನುವಂತಿಲ್ಲ.

ಎದ್ದ ಕೋಶ ಏನು ಮಾಡುತ್ತದೆ? ಎಂಡೋಥೆಲಿನ್-1, ಬಿಎಂಪಿ, ವಿಂಟ್ ಎಂಬ ಸಂದೇಶಗಳನ್ನು ಬಿಟ್ಟು ಮೂಳೆ ಕಟ್ಟುವ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಅವು ಆತುರದಲ್ಲಿ ಕಟ್ಟಿದ ಹೊಸ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಬೆಳ್ಳಗಿದೆ ಎಂದರೆ ಗಟ್ಟಿ ಎಂದಲ್ಲ. ಎಳೆಗಳು ಅಡ್ಡಾದಿಡ್ಡಿಯಾಗಿರುತ್ತವೆ, ಗಾರೆ ಇಲ್ಲದೆ ಕಲ್ಲು ಪೇರಿಸಿದ ಗೋಡೆಯಂತೆ ಭಾರ ಬಿದ್ದಾಗ ಕುಸಿಯುತ್ತದೆ. ಕಟ್ಟುವ ಕೋಶಗಳು ರ್ಯಾಂಕ್ ಲೈಗಂಡ್ ಎಂಬ ಸಂದೇಶ ಬಿಟ್ಟು ಮೂಳೆ ಕರಗಿಸುವ ಕೋಶಗಳನ್ನೂ ಎಬ್ಬಿಸುತ್ತವೆ. ಕರಗಿದ ಮೂಳೆಯೊಳಗೆ ಹುದುಗಿದ್ದ ಟಿಜಿಎಫ್-ಬೀಟಾ, ಇನ್ಸುಲಿನ್ ಮಾದರಿಯ ಬೆಳವಣಿಗೆ ಅಂಶಗಳು ಹೊರಬಿದ್ದು ಕ್ಯಾನ್ಸರ್ ಕೋಶಕ್ಕೇ ಗೊಬ್ಬರವಾಗುತ್ತವೆ. ಗೊಬ್ಬರ ಸಿಕ್ಕ ಕೋಶ ಮತ್ತಷ್ಟು ಸಂದೇಶ ಕಳಿಸುತ್ತದೆ.

ಈ ಸುತ್ತನ್ನು ಕಡಿಯಲು ಎರಡು ಔಷಧಿಗಳಿವೆ. ಡೆನೊಸುಮ್ಯಾಬ್ 120 ಮಿಲಿಗ್ರಾಂ ಚರ್ಮದಡಿಯ ಸೂಜಿಯಾಗಿ ನಾಲ್ಕು ವಾರಕ್ಕೊಮ್ಮೆ, ಅದು ರ್ಯಾಂಕ್ ಲೈಗಂಡ್ ಅನ್ನೇ ಹಿಡಿದುಹಾಕುತ್ತದೆ. ಜೊಲೆಡ್ರೋನಿಕ್ ಆಸಿಡ್ 4 ಮಿಲಿಗ್ರಾಂ ಸಲೈನ್‌ನಲ್ಲಿ ಕನಿಷ್ಠ 15 ನಿಮಿಷ ಇಳಿಸುವಂಥದ್ದು, ಅದು ಮೂಳೆ ಕರಗಿಸುವ ಕೋಶಗಳನ್ನು ಕೊಲ್ಲುತ್ತದೆ. ಪ್ರತಿ ಸಲ ಮೊದಲು ಕ್ರಿಯಾಟಿನಿನ್ ನೋಡಲೇಬೇಕು, ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಹೀಗೆ ಪದೇ ಪದೇ ಕೊಡುವುದು ಹಾರ್ಮೋನು ಚಿಕಿತ್ಸೆಗೆ ಬಗ್ಗದ ಹಂತದ ಮೂಳೆ ರೋಗಕ್ಕೆ, ಶುರುವಿನಿಂದಲೇ ಎಲ್ಲರಿಗೂ ಅಲ್ಲ. ಎರಡಕ್ಕೂ ಒಂದು ಅಪಾಯ ಸಮಾನ: ದವಡೆಯ ಮೂಳೆ ಸಾಯುವುದು. ಗುಟ್ಕಾ, ತಂಬಾಕಿನಿಂದ ಹಲ್ಲು ಹಾಳಾದವರು ನಮ್ಮ ಕಡೆ ಬಹಳ. ಅಂಥವರು ಮೊದಲ ಡೋಸಿಗೆ ಮುಂಚೆಯೇ ಕೀಳಬೇಕಾದ ಹಲ್ಲು ಕೀಳಿಸಿ, ಗಾಯ ಮಾಯ್ದ ಮೇಲೆ ಬರಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆ ಬಿಡುವಂತಿಲ್ಲ. ಡೆನೊಸುಮ್ಯಾಬ್ ಪಡೆದವರಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಬಾಯಿಯ ಸುತ್ತ ಜುಮುಜುಮು, ಕೈ ಸೆಟೆತ ಬರಬಹುದು.

ಬೆರಳನ್ನು ತೆಗೆಯುವ ದಾರಿಗಳು

ಎರಡೂ ವೃಷಣ ತೆಗೆಯುವ ಆಪರೇಷನ್ ಸಣ್ಣದು, ಒಮ್ಮೆ ಮಾಡಿದರೆ ಮುಗಿಯಿತು. ಒಂದು ದಿನದೊಳಗೆ ಟೆಸ್ಟೋಸ್ಟೆರಾನ್ ತಳ ಮುಟ್ಟುತ್ತದೆ. ಎತ್ತಿಗೆ ಬೀಜ ಒಡೆಸಿದಂತೆ ಎಂಬ ಸಂಕೋಚದಿಂದ ಹಿಂಜರಿಯುವವರಿಗೆ, ಹೊರಗಿನ ಸಿಪ್ಪೆ ಉಳಿಸಿ ಒಳಗಿನದನ್ನಷ್ಟೇ ತೆಗೆಯುವ ವಿಧಾನವೂ ಇದೆ ಎಂದು ಹೇಳಬೇಕು. ಹಳ್ಳಿಯಿಂದ ತಿಂಗಳು ತಿಂಗಳು ಬಸ್ ಹಿಡಿದು ಬರಲಾಗದವರಿಗೆ ಇದು ಕೀಳು ಚಿಕಿತ್ಸೆಯೇನಲ್ಲ.

ಸೂಜಿಯ ದಾರಿಯಲ್ಲಿ ಒಂದು ತಿರುವಿದೆ. ಲ್ಯುಪ್ರೊಲೈಡ್‌ನಂಥ ಔಷಧಿಗಳು ಜಿಎನ್‌ಆರ್‌ಎಚ್‌ನ ನಕಲು. ಒಂದೇ ಸಮ ಕೂಗುತ್ತಿದ್ದರೆ ಪಿಟ್ಯುಟರಿ ಕಿವಿ ಮುಚ್ಚಿಕೊಳ್ಳುತ್ತದೆ, ಮೂರ್ನಾಲ್ಕು ವಾರದಲ್ಲಿ ಟೆಸ್ಟೋಸ್ಟೆರಾನ್ ಬೀಳುತ್ತದೆ. ಆದರೆ ಮೊದಲ ವಾರ ಆ ಕೂಗಿಗೆ ಓಗೊಟ್ಟು ಟೆಸ್ಟೋಸ್ಟೆರಾನ್ ಇನ್ನೂ ಏರುತ್ತದೆ. ಮೂಳೆನೋವು ಹೆಚ್ಚಬಹುದು, ಮೂತ್ರ ಕಟ್ಟಬಹುದು. ಅದಕ್ಕೇ ಸೂಜಿಗೆ ಕೆಲವು ದಿನ ಮುಂಚಿನಿಂದ, ಆಂಡ್ರೋಜನ್ ರಿಸೆಪ್ಟರ್ ಅನ್ನು ತಡೆಯುವ ಬೈಕಾಲುಟಮೈಡ್ 50 ಮಿಲಿಗ್ರಾಂ ದಿನಕ್ಕೊಂದು ಕೊಟ್ಟು, ಸೂಜಿಯ ಮೇಲೂ ಎರಡರಿಂದ ನಾಲ್ಕು ವಾರ ಮುಂದುವರಿಸುವುದು. ಡೆಗರೆಲಿಕ್ಸ್ ಬೇರೆ ಥರ, ಅದು ಪಿಟ್ಯುಟರಿಯ ಜಿಎನ್‌ಆರ್‌ಎಚ್ ರಿಸೆಪ್ಟರ್ ಅನ್ನು ನೇರವಾಗಿ ಮುಚ್ಚುತ್ತದೆ, ಏರಿಕೆ ಇಲ್ಲ. ಮೊದಲ ಡೋಸ್ 240 ಮಿಲಿಗ್ರಾಂ, ಆಮೇಲೆ ತಿಂಗಳಿಗೆ 80.

ಮೂಳೆಗೆ ಹರಡಿದವರಲ್ಲಿ ಇಷ್ಟೇ ಸಾಲದು. "ಆಪರೇಷನ್ ಆತು, ಇನ್ನ ಗುಳಿಗಿ ಯಾಕ?" ಎಂದು ಮನೆಯವರು ಕೇಳುವುದು ಸಹಜ. ಅಡ್ರಿನಲ್‌ನ ಆ ಸಣ್ಣ ಪಾಲು ನೆನಪಿದೆಯಲ್ಲ? ಕ್ಯಾನ್ಸರ್ ಕೋಶ ಅದನ್ನೇ ಬಳಸಿ ತನ್ನೊಳಗೇ ಟೆಸ್ಟೋಸ್ಟೆರಾನ್ ಮಾಡಿಕೊಳ್ಳಲು ಕಲಿಯುತ್ತದೆ. ಅಬಿರಾಟೆರೋನ್ ಆ ತಯಾರಿಕೆಯ ಕಿಣ್ವವನ್ನು ಎಲ್ಲ ಕಡೆ ಮುಚ್ಚುತ್ತದೆ: 1000 ಮಿಲಿಗ್ರಾಂ, ದಿನಕ್ಕೊಮ್ಮೆ, ಖಾಲಿ ಹೊಟ್ಟೆಗೆ. ತಿಂದು ಎರಡು ತಾಸಾಗಿರಬೇಕು, ನುಂಗಿ ಒಂದು ತಾಸು ಏನೂ ತಿನ್ನಬಾರದು. ಶೇಂಗಾ ಹಿಂಡಿ, ಎಣ್ಣೆ, ರೊಟ್ಟಿ ತಿಂದು ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರಿ ಅಡ್ಡಪರಿಣಾಮ ಹೆಚ್ಚುತ್ತದೆ.

ಅದರ ಜತೆ 5 ಮಿಲಿಗ್ರಾಂನ ಪ್ರೆಡ್ನಿಸೋಲೋನ್ ಬರೆದಿರುತ್ತಾರೆ, ರೋಗದ ಹಂತ ನೋಡಿ ದಿನಕ್ಕೆ ಒಂದು ಅಥವಾ ಎರಡು ಸಲ. "ಸ್ಟಿರಾಯ್ಡ್ ಬ್ಯಾಡ" ಎಂದು ಬಿಟ್ಟುಬಿಡುವುದು ಇದನ್ನೇ. ಕಿಣ್ವ ಮುಚ್ಚಿದಾಗ ಅಡ್ರಿನಲ್‌ನ ಕಾರ್ಟಿಸೋಲ್ ಕೂಡ ಇಳಿಯುತ್ತದೆ. ಕಾರ್ಟಿಸೋಲ್ ಸಾಲದು ಎಂದು ಪಿಟ್ಯುಟರಿ ಎಸಿಟಿಎಚ್ ಎಂಬ ಸಂದೇಶ ಸುರಿಯುತ್ತದೆ. ಅಡ್ರಿನಲ್ ಆಗ ತೆರೆದಿರುವ ಒಂದೇ ದಾರಿಯಲ್ಲಿ, ಉಪ್ಪು ಹಿಡಿದಿಡುವ ಹಾರ್ಮೋನುಗಳನ್ನು ರಾಶಿ ಹಾಕುತ್ತದೆ. ಬಿಪಿ ಏರುತ್ತದೆ, ಕಾಲು ಬಾಯುತ್ತದೆ, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಆ ಚಿಕ್ಕ ಸ್ಟಿರಾಯ್ಡ್ ಗುಳಿಗೆ ಪಿಟ್ಯುಟರಿಯನ್ನು ಸುಮ್ಮನಿರಿಸಲಿಕ್ಕೆ. ಶುರುವಿನ ತಿಂಗಳುಗಳಲ್ಲಿ ಬಿಪಿ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ ತಪ್ಪಿಸಬಾರದು. ಎನ್ಜಾಲುಟಮೈಡ್ 160 ಮಿಲಿಗ್ರಾಂ ಬೇರೆ ಜಾಗದಲ್ಲಿ ತಡೆಯುತ್ತದೆ, ಸ್ಟಾರ್ಟರಿನ ಗುಂಡಿಗೇ ಬೆಣೆ ಹೊಡೆದಂತೆ. ಊಟದ ಕಟ್ಟುಪಾಡಿಲ್ಲ, ಸ್ಟಿರಾಯ್ಡ್ ಬೇಡ. ಫಿಟ್ಸ್ ಇದ್ದವರಿಗೆ ಮಾತ್ರ ಅದು ಒಗ್ಗುವುದಿಲ್ಲ.

ಬೆರಳಿಲ್ಲದೆ ಓಡುವ ಮೋಟರ್

ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗಿದ್ದೂ ಪಿಎಸ್‌ಎ ಏರತೊಡಗಿದರೆ ರೋಗ ಹೊಸ ಹಂತಕ್ಕೆ ಬಂದಿದೆ. ಎರಡನ್ನೂ ಒಟ್ಟಿಗೇ ಪರೀಕ್ಷಿಸಬೇಕು. ಸೂಜಿ ಎರಡು ವಾರ ತಡವಾಗಿ ಟೆಸ್ಟೋಸ್ಟೆರಾನ್ ಮೇಲೆದ್ದಿದ್ದರೂ ಪಿಎಸ್‌ಎ ಏರುತ್ತದೆ, ಅಲ್ಲಿ ಬೇಕಾದ್ದು ಹೊಸ ಔಷಧಿಯಲ್ಲ, ತಪ್ಪಿದ ಸೂಜಿ.

ನಿಜವಾಗಿಯೂ ಹಂತ ಬದಲಾಗಿದ್ದರೆ ಕಾರಣ ಹಲವು. ಮೊದಲನೆಯದು, ಕೋಶ ರಿಸೆಪ್ಟರ್ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಈ ಹಂತದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದು ಕಾಣುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಬದಿಯ ಪಿಸುಮಾತು ಆ ಬದಿಗೆ ಕೇಳಿಸುವ ಹಾಗೆ, ಉಳಿದ ತೊಟ್ಟು ಟೆಸ್ಟೋಸ್ಟೆರಾನ್ ಈ ಕೋಶಕ್ಕೆ ಸಾಕಾಗುತ್ತದೆ. ಎರಡನೆಯದು ರಿಸೆಪ್ಟರಿನ ಆಕಾರ ಬದಲಾಗುವುದು. ತಡೆಯಲೆಂದು ಕೊಟ್ಟ ಬೈಕಾಲುಟಮೈಡ್‌ನಂಥ ಔಷಧಿಯೇ ಬದಲಾದ ಗುಂಡಿಯನ್ನು ಒತ್ತತೊಡಗುತ್ತದೆ. ಅಂಥವರಲ್ಲಿ ಆ ಗುಳಿಗೆ ನಿಲ್ಲಿಸಿದರೆ ಪಿಎಸ್‌ಎ ತಾನಾಗಿ ಇಳಿಯುತ್ತದೆ. ಮೂರನೆಯದು ಎಆರ್-ವಿ7 ಎಂಬ ಮೋಟು ರಿಸೆಪ್ಟರ್. ಹಾರ್ಮೋನು ಹಿಡಿಯುವ ಭಾಗವೇ ಅದರಲ್ಲಿಲ್ಲ. ಸ್ಟಾರ್ಟರ್ ಬಿಟ್ಟು ಮೋಟರಿಗೆ ಡೈರೆಕ್ಟ್ ಲೈನ್ ಕೊಟ್ಟಂತೆ, ಬೆರಳು ಕತ್ತರಿಸಿದರೂ ಬೆಣೆ ಹೊಡೆದರೂ ಅದು ಓಡುತ್ತದೆ. ಅಲ್ಲಿ ಅಬಿರಾಟೆರೋನ್, ಎನ್ಜಾಲುಟಮೈಡ್ ಎರಡೂ ಸೋಲುವುದು ಹೆಚ್ಚು. ಮೂರು ವಾರಕ್ಕೊಮ್ಮೆ ಕೊಡುವ ಡೋಸಿಟ್ಯಾಕ್ಸೆಲ್ ಕೀಮೋ ಇನ್ನೂ ಕೆಲಸ ಮಾಡಬಲ್ಲದು. ಡಿಎನ್‌ಎ ರಿಪೇರಿಯ ಬಿಆರ್‌ಸಿಎ2 ಜೀನ್ ಕೆಟ್ಟಿದ್ದವರಿಗೆ ಓಲಾಪರಿಬ್ ಎಂಬ ಗುಳಿಗೆ ಇದೆ.

ಕೊನೆಯದು ಅಪರೂಪ, ಆದರೆ ಮೋಸಗಾರ. ಆರ್‌ಬಿ1, ಟಿಪಿ53 ಎಂಬ ಎರಡು ತಡೆಗಳೂ ಹೋದ ಕೋಶ ಪ್ರಾಸ್ಟೇಟ್ ಗುಣವನ್ನೇ ಬಿಟ್ಟು ನರ-ಹಾರ್ಮೋನು ಕೋಶದ ವೇಷ ತೊಡುತ್ತದೆ. ಆಂಡ್ರೋಜನ್ ಲೈನೇ ಇಲ್ಲವಾದ್ದರಿಂದ ಪಿಎಸ್‌ಎ ಎಂಬ ಮೀಟರ್ ಓಡುವುದಿಲ್ಲ. ರಿಪೋರ್ಟಿನಲ್ಲಿ ಪಿಎಸ್‌ಎ 2 ಇರುತ್ತದೆ, ಸ್ಕ್ಯಾನಿನಲ್ಲಿ ಲಿವರ್ ತುಂಬ ಗಡ್ಡೆಗಳು. ಪಿಎಸ್‌ಎ ಕಡಿಮೆಯಿದ್ದೂ ರೋಗಿ ಸೊರಗುತ್ತಿದ್ದರೆ ಸ್ಕ್ಯಾನ್ ಮಾಡಿಸಿ, ಬೇಕಾದರೆ ಮತ್ತೆ ಬಯಾಪ್ಸಿ ತೆಗೆಯಬೇಕು.

ಕಾಲು ಸೋತರೆ

ಮಣಿಯೊಳಗಿನ ರೋಗ ಮೆದುಳುಬಳ್ಳಿಯನ್ನು ಒತ್ತಿದಾಗ ನೋವು ಮಲಗಿದರೆ ಹೆಚ್ಚಾಗುತ್ತದೆ, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತೆ ಅನಿಸುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ತಡವರಿಸುತ್ತದೆ. ಕೂರುವ ಜಾಗ ಮರಗಟ್ಟುತ್ತದೆ, ಮೂತ್ರ ಕಟ್ಟುತ್ತದೆ. ಇದಕ್ಕೆ ನೀವಿಸುವುದು, ಎಳೆಸುವುದು ಬೇಡವೇ ಬೇಡ, ಕುಸಿಯಲಿರುವ ಮಣಿ ಅಲ್ಲೇ ಕುಸಿಯುತ್ತದೆ. ಅದೇ ದಿನ ಎಂಆರ್‌ಐ ಇರುವ ಆಸ್ಪತ್ರೆಗೆ, ಸಾಧ್ಯವಾದಷ್ಟೂ ಮಲಗಿಸಿಕೊಂಡೇ ಒಯ್ಯಬೇಕು. ಊತ ಇಳಿಸುವ ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್ ಕೂಡಲೇ ಶುರುವಾಗಬೇಕು, ರೇಡಿಯೋಥೆರಪಿಯೋ ಬೆನ್ನಿನ ಶಸ್ತ್ರಚಿಕಿತ್ಸೆಯೋ 24 ತಾಸಿನೊಳಗೆ ತೀರ್ಮಾನವಾಗಬೇಕು. ನಡೆದುಕೊಂಡು ಬಂದವರು ಹೆಚ್ಚಾಗಿ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಕಾಲು ಪೂರ್ತಿ ಹೋಗಿ ಎರಡು ದಿನ ಕಳೆದು ಬಂದವರಲ್ಲಿ ಮತ್ತೆ ನಡೆಯುವವರು ವಿರಳ. ಈವರೆಗೆ ಹಾರ್ಮೋನು ಚಿಕಿತ್ಸೆಯೇ ಆಗಿರದಿದ್ದರೆ ಇಲ್ಲಿ ಲ್ಯುಪ್ರೊಲೈಡ್ ಒಂದನ್ನೇ ಹಾಕುವಂತಿಲ್ಲ, ಮೊದಲ ವಾರದ ಏರಿಕೆ ಒತ್ತಡವನ್ನು ಇನ್ನೂ ಹೆಚ್ಚಿಸುತ್ತದೆ. ವೃಷಣ ತೆಗೆಯುವ ಆಪರೇಷನ್ ಅಥವಾ ಡೆಗರೆಲಿಕ್ಸ್ ಸರಿ. ಮೊದಲನೆಯದನ್ನು ಸ್ಥಳೀಯ ಅರಿವಳಿಕೆಯಲ್ಲೇ ಮಾಡಬಹುದು, ಅದಕ್ಕೆ ದೊಡ್ಡ ಥಿಯೇಟರ್ ಬೇಕಿಲ್ಲ.